ಮಳೆ ಬಿದ್ದ ದಿನದಿಂದ ಎಣಿಸಿ: ಹವಾಮಾನ ನೋಡಿ ಸೊಳ್ಳೆಯ ಏರಿಕೆಯನ್ನು ಮೊದಲೇ ಗುರುತಿಸುವ ಕ್ರಮ

ಮಂಡ್ಯ, ಮೈಸೂರು ಕಡೆಯ ಓದುಗರಿಂದ ಪ್ರತಿ ವರ್ಷ ಮೇ ತಿಂಗಳಿನಿಂದ ನವೆಂಬರ್‌ವರೆಗೆ ಬರುವ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ ಬಗೆಯವು. "ಈ ಸಲ ಮಳೆಯೇ ಸರಿಯಾಗಿ ಆಗಿಲ್ಲ, ಆದರೂ ನಮ್ಮ ಬೀದಿಗೆ ಡೆಂಗಿ ಹೇಗೆ ಬಂತು?" "ಇಷ್ಟು ಬಿಸಿಲಿಗೆ ಸೊಳ್ಳೆ ಸಾಯುವುದಿಲ್ಲವೆ?" "ಮಳೆ ನಿಂತು ಇಪ್ಪತ್ತು ದಿನವಾಯಿತು, ಇನ್ನು ಭಯವಿಲ್ಲ ಅಲ್ಲವೆ?" ಈ ಮೂರು ಪ್ರಶ್ನೆಗಳ ಹಿಂದೆ ಇರುವುದು ಒಂದೇ ತಪ್ಪು ತಿಳಿವಳಿಕೆ. ಮಳೆ, ಬಿಸಿಲು, ತೇವಾಂಶಗಳು ಸೊಳ್ಳೆಯ ಸಂಖ್ಯೆಯನ್ನು ಅಂದಂದೇ ಬದಲಿಸುವುದಿಲ್ಲ. ಅವುಗಳ ಪರಿಣಾಮ ಮೊದಲು ನೀರಿನಲ್ಲಿ, ಆಮೇಲೆ ಗಾಳಿಯಲ್ಲಿ, ಕೊನೆಗೆ ಮನುಷ್ಯನ ಮೈಯಲ್ಲಿ ಕಾಣಿಸುತ್ತದೆ, ಮತ್ತು ಈ ಮೂರರ ನಡುವೆ ವಾರಗಳ ಅಂತರವಿರುತ್ತದೆ. ಪಕ್ಕದ ಮನೆಯಲ್ಲಿ ಜ್ವರವೆಂದು ಕೇಳಿದ ಮೇಲೆ ಡ್ರಮ್ಮು ಮಗುಚಲು ಹೊರಡುವವರು ಆ ಹೊತ್ತಿಗಾಗಲೇ ಒಂದು ತಿಂಗಳು ತಡಮಾಡಿರುತ್ತಾರೆ.

ಆದ್ದರಿಂದ ಈ ಲೇಖನದಲ್ಲಿ ಸೊಳ್ಳೆ ಓಡಿಸುವ ಉಪಾಯಗಳಿಗಿಂತ ಹೆಚ್ಚಾಗಿ, ಹವಾಮಾನವನ್ನು ಓದಿಕೊಂಡು ಸೊಳ್ಳೆಯ ಏರಿಕೆಯನ್ನು ಮೂರು ನಾಲ್ಕು ವಾರ ಮೊದಲೇ ಅಂದಾಜಿಸುವ ಕ್ರಮವನ್ನು ವಿವರಿಸಿದ್ದೇನೆ. ಇದಕ್ಕೆ ವಿಜ್ಞಾನದ ಪದವಿ ಬೇಕಿಲ್ಲ. ಬೇಸಾಯ ಮಾಡುವವರು ನಕ್ಷತ್ರದ ಲೆಕ್ಕದಲ್ಲಿ ಮಳೆಯನ್ನು ನೆನಪಿಡುವಂತೆ ದಿನಾಂಕಗಳನ್ನು ಬರೆದಿಡುವ ಅಭ್ಯಾಸವಿದ್ದರೆ ಸಾಕು.

ಬೇಕಾಗುವ ವಸ್ತುಗಳು ಕೆಲವೇ: ಒಂದು ನೋಟ್‌ಬುಕ್, ಬಾಯಿಯೂ ತಳವೂ ಒಂದೇ ಅಗಲವಿರುವ ಗಾಜಿನ ಅಥವಾ ಪ್ಲಾಸ್ಟಿಕ್ ಡಬ್ಬಿ, ಮಿಲಿಮೀಟರ್ ಗುರುತಿರುವ ಸ್ಕೇಲು, ಟಾರ್ಚು, ಒಂದು ಬಿಳಿಯ ಬಟ್ಟಲು ಮತ್ತು ಒರಟಾದ ತೆಂಗಿನ ನಾರು.

ಹಂತ 1: ನಿಮ್ಮ ಸುತ್ತ ಇರುವುದು ಯಾವ ಸೊಳ್ಳೆ ಎಂದು ತಿಳಿಯಿರಿ

ಎಲ್ಲ ಸೊಳ್ಳೆಗಳೂ ಒಂದೇ ಮಳೆಗೆ ಒಂದೇ ರೀತಿ ಸ್ಪಂದಿಸುವುದಿಲ್ಲ. ಇದನ್ನು ಬಿಟ್ಟು ಮುಂದೆ ಹೋದರೆ ಉಳಿದ ಲೆಕ್ಕವೆಲ್ಲ ತಪ್ಪುತ್ತದೆ. ನಮ್ಮ ಭಾಗದಲ್ಲಿ ರೋಗ ಹರಡುವ ಸೊಳ್ಳೆಗಳನ್ನು ಮೂರು ಗುಂಪಾಗಿ ನೋಡಬಹುದು.

ಮೊದಲನೆಯದು ಈಡಿಸ್. ಮೈಮೇಲೂ ಕಾಲಿನ ಮೇಲೂ ಬಿಳಿ ಪಟ್ಟೆಗಳಿರುವ, ಹಗಲು ಹೊತ್ತು, ಅದರಲ್ಲೂ ಬೆಳಗಿನ ಜಾವ ಕಳೆದ ಮೇಲೆ ಮತ್ತು ಸಂಜೆಗೆ ಮುಂಚೆ ಹೆಚ್ಚಾಗಿ ಕಚ್ಚುವ ಕಪ್ಪು ಸೊಳ್ಳೆ ಇದು. ಡೆಂಗಿ ಮತ್ತು ಚಿಕೂನ್‌ಗುನ್ಯ ಹರಡುವುದು ಇದರಿಂದ. ಮನೆಯ ಒಳಗೂ ಹೊರಗೂ ಶೇಖರಿಸಿಟ್ಟ ತಿಳಿನೀರು ಇದಕ್ಕೆ ಬೇಕು: ಸಂಪು, ತೊಟ್ಟಿ, ಡ್ರಮ್ಮು, ಹೂಕುಂಡದ ಕೆಳಗಿನ ತಟ್ಟೆ, ಹಳೆಯ ಟೈರು, ಬಳಸದೆ ಬಿಟ್ಟ ಒರಳುಕಲ್ಲು, ಎಳನೀರಿನ ಬುರುಡೆ. ಇದು ಸಾಮಾನ್ಯವಾಗಿ ಹುಟ್ಟಿದ ಜಾಗದಿಂದ ನೂರಿನ್ನೂರು ಮೀಟರ್ ಆಚೆ ಹೋಗುವುದಿಲ್ಲವಾದ್ದರಿಂದ, ಹಗಲು ಸೊಳ್ಳೆ ಕಚ್ಚುತ್ತಿದೆ ಎಂದರೆ ಅದು ಹುಟ್ಟಿದ್ದು ನಿಮ್ಮ ಮನೆಯಲ್ಲಿ ಅಥವಾ ನಿಮ್ಮದೇ ಬೀದಿಯಲ್ಲಿ ಎಂದು ಧೈರ್ಯವಾಗಿ ಹೇಳಬಹುದು.

ಎರಡನೆಯದು ಅನಾಫಿಲಿಸ್. ಮಲೇರಿಯಾ ಹರಡುವ ಸೊಳ್ಳೆ. ಗೋಡೆಯ ಮೇಲೆ ಕುಳಿತಾಗ ಹಿಂಭಾಗವನ್ನು ಮೇಲೆತ್ತಿ ಓರೆಯಾಗಿ ಕುಳಿತುಕೊಳ್ಳುತ್ತದೆ. ಹಳ್ಳಿಗಳಲ್ಲಿ ನಾಲೆಯಂಚಿನ ನಿಂತ ನೀರು, ಹೊಸದಾಗಿ ನೀರು ಕಟ್ಟಿದ ಗದ್ದೆ, ಹಳ್ಳದ ಗುಂಡಿಗಳಲ್ಲಿ ಒಂದು ಜಾತಿ ಬೆಳೆದರೆ, ಪಟ್ಟಣಗಳಲ್ಲಿ ಬಾವಿ ಮತ್ತು ಚಾವಣಿಯ ನೀರಿನ ಟ್ಯಾಂಕುಗಳಲ್ಲಿ ಇನ್ನೊಂದು ಜಾತಿ ಬೆಳೆಯುತ್ತದೆ. ಇವು ಕಚ್ಚುವುದು ರಾತ್ರಿ.

ಮೂರನೆಯದು ಕ್ಯೂಲೆಕ್ಸ್. ಇದರಲ್ಲಿಯೇ ಎರಡು ಬಗೆಗಳನ್ನು ಬೇರೆ ಮಾಡಿಕೊಳ್ಳಬೇಕು. ಚರಂಡಿಯ ಕೊಳಕು ನೀರಿನಲ್ಲಿ ಬೆಳೆದು ರಾತ್ರಿಯಿಡೀ ಕಿವಿಯ ಬಳಿ ಗುಂಯ್‌ಗುಟ್ಟುವುದು ಒಂದು. ಆನೆಕಾಲು ರೋಗ ಹರಡಬಲ್ಲದ್ದು ಅದು. ಭತ್ತದ ಗದ್ದೆಯಲ್ಲಿ ಬೆಳೆದು ಮುಸ್ಸಂಜೆ ದನದ ಕೊಟ್ಟಿಗೆಯ ಸುತ್ತ ಮುತ್ತುವುದು ಇನ್ನೊಂದು. ಮಿದುಳು ಜ್ವರದ ವೈರಾಣುವನ್ನು ಹಂದಿ ಮತ್ತು ಬೆಳ್ಳಕ್ಕಿ, ಬಕಗಳಂಥ ನೀರುಹಕ್ಕಿಗಳಿಂದ ಮನುಷ್ಯರಿಗೆ ತರುವುದು ಈ ಗದ್ದೆಯ ಕ್ಯೂಲೆಕ್ಸ್.

ನೀರಿನಲ್ಲಿಯೇ ಗುರುತಿಸುವುದಾದರೆ ಬಿಳಿಯ ಬಟ್ಟಲಿನಲ್ಲಿ ಸ್ವಲ್ಪ ನೀರು ಮೊಗೆದು ಹಿಡಿದು ಅಲ್ಲಾಡಿಸದೆ ನೋಡಿ. ಸೊಳ್ಳೆಯ ಮರಿಯನ್ನು, ಅಂದರೆ ರೆಕ್ಕೆ ಬರುವ ಮೊದಲಿನ ಹುಳುವಿನ ರೂಪವನ್ನು, ಲಾರ್ವಾ ಎನ್ನುತ್ತಾರೆ. ನೀರಿನ ಮೇಲ್ಮೈಗೆ ಸಮನಾಗಿ ಕಡ್ಡಿಯಂತೆ ಮಲಗಿದ್ದರೆ ಅನಾಫಿಲಿಸ್. ತಲೆ ಕೆಳಗಾಗಿ ಓರೆಯಾಗಿ ನೇತಾಡುತ್ತಿದ್ದರೆ ಈಡಿಸ್ ಅಥವಾ ಕ್ಯೂಲೆಕ್ಸ್. ನೀರು ತಿಳಿಯಾಗಿದ್ದು, ಮನೆಯ ಪಾತ್ರೆಯದ್ದಾಗಿದ್ದರೆ ಬಹುಮಟ್ಟಿಗೆ ಅದು ಈಡಿಸ್.

ಹಂತ 2: ಮಳೆಯನ್ನು ಅಳೆಯಿರಿ, ಮಳೆಯಿಲ್ಲದ ದಿನಗಳನ್ನೂ ಬರೆಯಿರಿ

ಡಬ್ಬಿಯನ್ನು ಮರ, ಸೂರುಗಳಿಂದ ದೂರ ಬಯಲಿನಲ್ಲಿ ಇಟ್ಟು, ಪ್ರತಿದಿನ ಬೆಳಿಗ್ಗೆ 8.30ಕ್ಕೆ ನೀರಿನ ಎತ್ತರವನ್ನು ಸ್ಕೇಲಿನಿಂದ ಅಳೆದು ಚೆಲ್ಲಿಬಿಡಿ. ಹವಾಮಾನ ಇಲಾಖೆಯ ದಿನದ ಲೆಕ್ಕವೂ ಇದೇ ಹೊತ್ತಿಗೆ ಮುಗಿಯುವುದರಿಂದ ಹೋಲಿಸಿ ನೋಡಲು ಅನುಕೂಲ. ಡಬ್ಬಿಯ ಬಾಯಿ ಕಿರಿದಾಗಿದ್ದರೆ ಅಥವಾ ತಳ ಅಗಲವಾಗಿದ್ದರೆ ಅಳತೆ ತಪ್ಪುತ್ತದೆ. ಸ್ವತಃ ಅಳೆಯಲು ಆಗದವರು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳ ವಿವರವನ್ನೋ, ಮೈಸೂರಿನ ಬಳಿಯ ನಾಗನಹಳ್ಳಿ ಕೃಷಿ ಸಂಶೋಧನಾ ಕೇಂದ್ರದ ಹವಾಮಾನ ವರದಿಯನ್ನೋ ನೋಡಿ ಬರೆದುಕೊಳ್ಳಬಹುದು. ಆದರೆ ಮುಂಗಾರು ಪೂರ್ವದ ಗುಡುಗು ಮಳೆ ಒಂದು ಹೋಬಳಿಯಲ್ಲಿ ಸುರಿದು ಪಕ್ಕದ ಹೋಬಳಿಯನ್ನು ಒಣಗಿಸಿಯೇ ಬಿಡುವ ಮಳೆ. ಜಿಲ್ಲೆಯ ಸರಾಸರಿಯನ್ನು ನಂಬಿ ನಿಮ್ಮ ಊರಿನ ಲೆಕ್ಕ ಹಾಕಬೇಡಿ.

ನಮ್ಮ ಭಾಗದ ಮಳೆಗೆ ಎರಡು ಶಿಖರಗಳಿವೆ. ಏಪ್ರಿಲ್ ಕೊನೆಯಿಂದ ಮೇ ತಿಂಗಳಿನ ತನಕ, ಅಂದರೆ ಭರಣಿ, ಕೃತ್ತಿಕೆ ಮಳೆಗಳಲ್ಲಿ ಒಂದು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಅಂದರೆ ಉತ್ತರೆ, ಹಸ್ತ, ಚಿತ್ತೆ ಮಳೆಗಳಲ್ಲಿ ಇನ್ನೊಂದು. ನಡುವಿನ ಆರಿದ್ರೆ, ಪುನರ್ವಸು, ಪುಷ್ಯ ಮಳೆಗಳು ಮಲೆನಾಡಿನಲ್ಲಿ ಹೊಡೆಯುವಂತೆ ಇಲ್ಲಿ ಹೊಡೆಯದೆ ಸೋನೆಯಾಗಿ ಬಿಟ್ಟು ಬಿಟ್ಟು ಬರುತ್ತವೆ. ಸೊಳ್ಳೆಯ ದೃಷ್ಟಿಯಿಂದ ನೋಡಿದರೆ ಈ ಸೋನೆಯೇ ಹೆಚ್ಚು ಅಪಾಯಕಾರಿ. ಒಂದೇ ದಿನ 80 ಮಿಲಿಮೀಟರ್ ಸುರಿದರೆ ಚರಂಡಿಯ, ನಾಲೆಯಂಚಿನ ಲಾರ್ವಾಗಳು ಕೊಚ್ಚಿಹೋಗುತ್ತವೆ. ಅದೇ 80 ಮಿಲಿಮೀಟರ್ ಎಂಟು ಹತ್ತು ದಿನಗಳಲ್ಲಿ ಹಂಚಿ ಬಿದ್ದರೆ ಬುರುಡೆ, ಟೈರು, ತಟ್ಟೆಗಳು ತುಂಬಿದ್ದು ಒಣಗದೆ ಹಾಗೇ ಉಳಿಯುತ್ತವೆ. ಹಾಗಾಗಿ ನೋಟ್‌ಬುಕ್ಕಿನಲ್ಲಿ ಎಷ್ಟು ಮಳೆ ಎಂಬುದರ ಪಕ್ಕದಲ್ಲಿ, ಎಷ್ಟು ದಿನಗಳಲ್ಲಿ ಎಂಬುದನ್ನೂ ಬರೆಯುವುದು ಕಡ್ಡಾಯ.

ಎಚ್ಚರಿಕೆ: ಭಾರಿ ಮಳೆ ಕೊಚ್ಚಿಕೊಂಡು ಹೋಯಿತೆಂದು ನಿಶ್ಚಿಂತರಾಗಬೇಡಿ. ಕೊಚ್ಚಿಹೋಗುವುದು ಹರಿಯುವ ಜಾಗದ ಲಾರ್ವಾ ಮಾತ್ರ. ಮುಚ್ಚಿದ ಸಂಪಿನದ್ದು, ಮನೆಯೊಳಗಿನ ಡ್ರಮ್ಮಿನದ್ದು ಎಲ್ಲಿಗೂ ಹೋಗುವುದಿಲ್ಲ. ಭಾರಿ ಮಳೆ ನಿಂತ ಮೇಲೆ ಉಳಿಯುವ ಗುಂಡಿಗಳಲ್ಲಿ ಎಣಿಕೆ ಹೊಸದಾಗಿ ಆರಂಭವಾಗುತ್ತದೆ.

ಇನ್ನು ಮಳೆಯಿಲ್ಲದೆ ಡೆಂಗಿ ಬರುವುದು ಹೇಗೆ ಎಂಬ ಪ್ರಶ್ನೆ. ನಲ್ಲಿಯಲ್ಲಿ ನೀರು ಮೂರು ದಿನಕ್ಕೊಮ್ಮೆ, ವಾರಕ್ಕೊಮ್ಮೆ ಬರಲು ಶುರುವಾದರೆ ಜನ ಸಿಕ್ಕ ಪಾತ್ರೆಯಲ್ಲೆಲ್ಲ ನೀರು ತುಂಬಿಡುತ್ತಾರೆ. ಈಡಿಸ್ ಸೊಳ್ಳೆಗೆ ಮೋಡದ ನೀರೂ ಒಂದೇ, ಟ್ಯಾಂಕರಿನ ನೀರೂ ಒಂದೇ. 2023ರಲ್ಲಿ ಎಲ್ ನಿನೊ ಇತ್ತು; ಅಂದರೆ ಶಾಂತ ಸಾಗರದ ಮೇಲ್ಮೈ ನೀರು ವಾಡಿಕೆಗಿಂತ ಬಿಸಿಯಾಗಿ, ನಮ್ಮ ಮುಂಗಾರನ್ನು ಬಹಳ ಸಲ ದುರ್ಬಲಗೊಳಿಸುವ ಸ್ಥಿತಿ. ಆ ವರ್ಷ ಕೆಆರ್‌ಎಸ್ ಅಣೆಕಟ್ಟೆ 124.80 ಅಡಿಯ ಪೂರ್ಣ ಮಟ್ಟ ಮುಟ್ಟಲಿಲ್ಲ, ಊರೂರಿನಲ್ಲಿ ಡ್ರಮ್ಮುಗಳು ಹೆಚ್ಚಿದವು. ಮರುವರ್ಷ ಮಳೆ ಚೆನ್ನಾಗಿ ಹಿಡಿದಾಗ ರಾಜ್ಯದಲ್ಲಿ ಡೆಂಗಿ ಎಷ್ಟು ಏರಿತೆಂದರೆ, 2024ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಡುವವರಿಗೆ ದಂಡ ವಿಧಿಸುವ ನಿಯಮ ತಂದಿತು. ಬರಗಾಲದ ಡ್ರಮ್ಮೊಂದೇ ಇದಕ್ಕೆ ಕಾರಣವೆಂದು ನಾನು ಹೇಳುವುದಿಲ್ಲ. ಆದರೆ ಬರದ ವರ್ಷದಲ್ಲಿ ತುಂಬಿಟ್ಟ ಪಾತ್ರೆಗಳಲ್ಲಿ ಇಟ್ಟ ಮೊಟ್ಟೆಗಳು ಒಣಗಿಯೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ ಎಂಬುದನ್ನು ಮರೆಯಬಾರದು.

ಇದನ್ನು ನೀವೇ ಕಣ್ಣಾರೆ ನೋಡಬಹುದು. ಎರಡು ಮೂರು ತಿಂಗಳಿನಿಂದ ಖಾಲಿ ಬಿದ್ದಿರುವ, ತೊಳೆಯದ ಡ್ರಮ್ಮಿನ ಒಳಗೋಡೆಗೆ ಟಾರ್ಚು ಹಿಡಿಯಿರಿ. ಹಿಂದೆ ನೀರು ನಿಂತಿದ್ದ ಗೆರೆಯ ಸ್ವಲ್ಪ ಮೇಲೆ, ಎಳ್ಳಿಗಿಂತ ಸಣ್ಣದಾದ, ಮಸಿಯಂತೆ ಕಪ್ಪಗಿನ ಚುಕ್ಕಿಗಳು ಉಂಗುರವಾಗಿ ಅಂಟಿಕೊಂಡಿದ್ದರೆ ಅವು ಈಡಿಸ್ ಮೊಟ್ಟೆಗಳು. ಗೆರೆ ಮುಳುಗುವಂತೆ ನೀರು ತುಂಬಿ, ಹೊರಗಿನ ಸೊಳ್ಳೆ ಬಂದು ಹೊಸದಾಗಿ ಮೊಟ್ಟೆಯಿಡದಂತೆ ಬಟ್ಟೆ ಕಟ್ಟಿಡಿ. ಮರುದಿನವೋ ಅದರ ಮರುದಿನವೋ ನೀರಿನಲ್ಲಿ ದಾರದ ಎಳೆಯಷ್ಟು ಸಣ್ಣ ಮರಿಗಳು ಬಳುಕುತ್ತಿರುತ್ತವೆ. ಹಳ್ಳಿಗಳಲ್ಲಿ ಲಾರ್ವಾ ಸಮೀಕ್ಷೆ ಮಾಡುವಾಗ ಎಷ್ಟು ಹೇಳಿದರೂ ನಂಬದವರು ಇದನ್ನು ನೋಡಿದ ಮೇಲೆ ತಾವಾಗಿಯೇ ನಾರು ಹಿಡಿದು ಉಜ್ಜಲು ಕುಳಿತದ್ದನ್ನು ನಾನು ಕಂಡಿದ್ದೇನೆ. ನೋಡಿ ಮುಗಿದ ಕೂಡಲೇ ಆ ನೀರನ್ನು ಚರಂಡಿಗಲ್ಲ, ಬಿಸಿಲಿನ ಒಣನೆಲಕ್ಕೆ ಚೆಲ್ಲಿ.

ಹಂತ 3: ದಿನದ ಸರಾಸರಿ ಉಷ್ಣಾಂಶದಿಂದ ಲೆಕ್ಕ ಹಾಕಿ

ಸೊಳ್ಳೆ ಕಚ್ಚಿದ ಮಾತ್ರಕ್ಕೆ ರೋಗ ಬರುವುದಿಲ್ಲ. ರೋಗಿಯ ರಕ್ತ ಹೀರಿದ ಸೊಳ್ಳೆಯ ಹೊಟ್ಟೆಯಲ್ಲಿ ರೋಗಾಣು ಬೆಳೆದು, ಅದರ ಜೊಲ್ಲುಗ್ರಂಥಿಗೆ ಬಂದು ಸೇರಬೇಕು. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡುಹಿಡಿದಾಗಿನಿಂದ ಈ ಬೆಳವಣಿಗೆಯ ಅವಧಿಯನ್ನು ವಿಜ್ಞಾನಿಗಳು ಅಳೆಯುತ್ತ ಬಂದಿದ್ದಾರೆ. ಸೊಳ್ಳೆಗೆ ತನ್ನದೇ ಆದ ಮೈಬಿಸಿ ಇಲ್ಲದಿರುವುದರಿಂದ ಈ ಅವಧಿ ಗಾಳಿಯ ಉಷ್ಣಾಂಶದ ಮೇಲೆ ನಿಂತಿದೆ.

ನಮ್ಮ ರಾಜ್ಯದಲ್ಲಿ ಹೆಚ್ಚಾಗಿ ಕಾಣುವ ವೈವಾಕ್ಸ್ ಬಗೆಯ ಮಲೇರಿಯಾಕ್ಕೆ ಒಂದು ಹಳೆಯ, ಸರಳವಾದ ಸೂತ್ರವಿದೆ. ದಿನದ ಗರಿಷ್ಠ ಮತ್ತು ಕನಿಷ್ಠ ಉಷ್ಣಾಂಶಗಳನ್ನು ಕೂಡಿಸಿ ಎರಡರಿಂದ ಭಾಗಿಸಿದರೆ ಸರಾಸರಿ ಸಿಗುತ್ತದೆ. ಆ ಸರಾಸರಿಯಿಂದ 14.5 ಕಳೆಯಿರಿ. ಉಳಿದ ಸಂಖ್ಯೆಯಿಂದ 105ನ್ನು ಭಾಗಿಸಿ. ಬಂದ ಉತ್ತರವೇ ಪರಾವಲಂಬಿಗೆ ಬೇಕಾಗುವ ದಿನಗಳು. ಮೈಸೂರಿನ ಜನವರಿಯಲ್ಲಿ ಗರಿಷ್ಠ ಸುಮಾರು 28, ಕನಿಷ್ಠ ಸುಮಾರು 16 ಡಿಗ್ರಿ ಸೆಲ್ಸಿಯಸ್ ಎಂದಿಟ್ಟುಕೊಂಡರೆ ಸರಾಸರಿ 22, ಬೇಕಾಗುವ ದಿನಗಳು 14. ಏಪ್ರಿಲ್‌ನಲ್ಲಿ ಗರಿಷ್ಠ 35, ಕನಿಷ್ಠ 21 ಎಂದರೆ ಸರಾಸರಿ 28, ದಿನಗಳು ಎಂಟಕ್ಕೆ ಇಳಿಯುತ್ತವೆ. ಡೆಂಗಿ ವೈರಾಣುವಿಗೆ 25ರಿಂದ 28 ಡಿಗ್ರಿಯಲ್ಲಿ ಸುಮಾರು 8ರಿಂದ 12 ದಿನ ಬೇಕು. ತಂಪು ಹೆಚ್ಚಿದಂತೆ ಇನ್ನಷ್ಟು ದಿನ ಹಿಡಿಯುತ್ತದೆ.

"ಬಿಸಿಲಿಗೆ ಸೊಳ್ಳೆ ಸಾಯುವುದಿಲ್ಲವೆ" ಎಂದು ಕೇಳಿದವರಿಗೆ ಉತ್ತರ ಇಲ್ಲಿಯೇ ಇದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಪಾದರಸ 40 ದಾಟಿದಾಗ ಸೊಳ್ಳೆಗೆ ನಿಜಕ್ಕೂ ಕಷ್ಟವಾಗುತ್ತದೆ. ಆದರೆ ನಮ್ಮ ಮೈಸೂರು, ಮಂಡ್ಯದ ಬೇಸಿಗೆಯ ಸರಾಸರಿ ಬಂದು ನಿಲ್ಲುವುದು ಈಡಿಸ್‌ಗೂ ಡೆಂಗಿ ವೈರಾಣುವಿಗೂ ಅತ್ಯಂತ ಹಿತವಾದ 26ರಿಂದ 29 ಡಿಗ್ರಿಯ ಆಸುಪಾಸಿನಲ್ಲಿಯೇ. ನಾವು ಹಿತಕರವೆಂದು ಹೆಮ್ಮೆಪಡುವ ಹವೆ ಸೊಳ್ಳೆಗೂ ಹಿತಕರ. ಅಲ್ಲದೆ ಹೊರಗೆ 36 ಡಿಗ್ರಿಯಿದ್ದಾಗಲೂ ಈಡಿಸ್ ಕುಳಿತಿರುವುದು ಮಂಚದ ಕೆಳಗೆ, ಬಟ್ಟೆಯ ಗೂಟದ ಹಿಂದೆ, ತೊಟ್ಟಿಯ ನೆರಳಿನಲ್ಲಿ. ಪತ್ರಿಕೆಯ ಉಷ್ಣಾಂಶಕ್ಕೂ ಆ ಮೂಲೆಯ ಉಷ್ಣಾಂಶಕ್ಕೂ ಹಲವು ಡಿಗ್ರಿ ವ್ಯತ್ಯಾಸವಿರುತ್ತದೆ.

ಎಚ್ಚರಿಕೆ: ಗರಿಷ್ಠವನ್ನಷ್ಟೇ ನೋಡುವುದು ಸಾಮಾನ್ಯ ತಪ್ಪು. ರಾತ್ರಿಯ ಕನಿಷ್ಠ ಉಷ್ಣಾಂಶ ಒಂದೆರಡು ಡಿಗ್ರಿ ಏರಿದರೂ ಸರಾಸರಿ ಏರಿ ದಿನಗಳು ಕಡಿಮೆಯಾಗುತ್ತವೆ. ಹವಾಮಾನವೆಂದರೆ ಇಂದಿನ, ಈ ವಾರದ ಸ್ಥಿತಿ; ಹವಾಗುಣವೆಂದರೆ ಹತ್ತಾರು ವರ್ಷಗಳ ರೂಢಿ. ಹವಾಗುಣವೇ ಬಿಸಿಯಾಗುತ್ತ ಹೋದಾಗ ಮೊದಲು ಕಳೆದುಕೊಳ್ಳುವುದು ಚಳಿಗಾಲದ ಆ ನಾಲ್ಕಾರು ದಿನಗಳ ಬಿಡುವನ್ನು. ಮೇಲಿನ ಸೂತ್ರದಲ್ಲಿ ಜನವರಿಯ ಸರಾಸರಿಯನ್ನು 22ರ ಬದಲು 24 ಎಂದು ಹಾಕಿ ನೋಡಿ: 14 ದಿನ ಇದ್ದದ್ದು 11ಕ್ಕೆ ಬರುತ್ತದೆ.

ಹಂತ 4: ತೇವಾಂಶವನ್ನು ಸೊಳ್ಳೆಯ ಆಯುಸ್ಸೆಂದು ಓದಿ

ಗಾಳಿಯಲ್ಲಿ ಸಾಪೇಕ್ಷ ತೇವಾಂಶ (ಆ ಉಷ್ಣಾಂಶದಲ್ಲಿ ಗಾಳಿ ಹಿಡಿಯಬಲ್ಲ ನೀರಾವಿಯಲ್ಲಿ ಶೇಕಡಾ ಎಷ್ಟು ಇದೆ ಎಂಬ ಅಳತೆ) 60ಕ್ಕಿಂತ ಹೆಚ್ಚಿದ್ದರೆ ಸೊಳ್ಳೆ ಹೆಚ್ಚು ದಿನ ಬದುಕುತ್ತದೆ. ಒಣಗಾಳಿಯಲ್ಲಿ ಬೇಗ ಸಾಯುತ್ತದೆ. ಇದು ಏಕೆ ಮುಖ್ಯವೆಂದು ತೋರಿಸಲು ಒಂದು ಕಲ್ಪಿತ ಲೆಕ್ಕ ಕೊಡುತ್ತೇನೆ. ರೋಗಿಯ ರಕ್ತ ಹೀರಿದ 100 ಸೊಳ್ಳೆಗಳಿವೆ ಎನ್ನಿ. ತೇವದ ಹವೆಯಲ್ಲಿ ದಿನಕ್ಕೆ 10ರಲ್ಲಿ ಒಂದು ಸತ್ತರೆ, ಎಂಟು ದಿನಗಳ ಕೊನೆಗೆ 43 ಉಳಿದಿರುತ್ತವೆ, 14 ದಿನಗಳ ಕೊನೆಗೆ 23. ಒಣಹವೆಯಲ್ಲಿ ದಿನಕ್ಕೆ 10ರಲ್ಲಿ ಎರಡು ಸತ್ತರೆ ಎಂಟು ದಿನಕ್ಕೆ 17, 14 ದಿನಕ್ಕೆ ಕೇವಲ ನಾಲ್ಕು. ರೋಗ ಹರಡಲು ಯೋಗ್ಯವಾಗುವವರೆಗೆ ಬದುಕುವ ಸೊಳ್ಳೆಗಳ ಸಂಖ್ಯೆ, ಉಷ್ಣಾಂಶ ಮತ್ತು ತೇವಾಂಶ ಎರಡೂ ಸೇರಿದಾಗ, ನಾಲ್ಕರಿಂದ 43ಕ್ಕೆ ಹಾರುತ್ತದೆ. ಕಣ್ಣಿಗೆ ಕಾಣುವ ಸೊಳ್ಳೆ ಅಷ್ಟೇ ಇದ್ದರೂ ಅಪಾಯ ಹತ್ತು ಪಟ್ಟಾಗುವುದು ಹೀಗೆ. ಬೆಚ್ಚಗೂ ಇದ್ದು, ಬಟ್ಟೆ ಬೇಗ ಒಣಗದ ವಾರಗಳನ್ನು ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಮಾಡಿಕೊಳ್ಳಿ.

ಹಂತ 5: ದಿನಾಂಕ ಎಣಿಸಿ

ಈಗ ಬರೆದಿಟ್ಟದ್ದನ್ನೆಲ್ಲ ಜೋಡಿಸುವ ಕೆಲಸ. ಮೇ 1ರಂದು ಭರಣಿ ಮಳೆ ಬಿದ್ದು ಹಿತ್ತಿಲಿನ ಟೈರು ತುಂಬಿತು ಎಂದುಕೊಳ್ಳಿ. ಗೋಡೆಗೆ ಅಂಟಿದ್ದ ಮೊಟ್ಟೆಗಳು ಒಂದೆರಡು ದಿನದಲ್ಲಿ ಒಡೆಯುತ್ತವೆ. ಲಾರ್ವಾ ಬೆಳೆದು, ಕೋಶವಾಗಿ (ಏನನ್ನೂ ತಿನ್ನದ, ಅಲ್ಪವಿರಾಮದ ಆಕಾರದ ನಡುವಿನ ಹಂತ), ರೆಕ್ಕೆ ಬಂದು ಹಾರುವುದು ಮೇ 9, 10ರ ಸುಮಾರಿಗೆ. ಎರಡು ಮೂರು ದಿನಕ್ಕೆ ಹೆಣ್ಣುಸೊಳ್ಳೆ ರಕ್ತ ಹುಡುಕಿ ಹೊರಟು, ಆಗಲೇ ಡೆಂಗಿಯಿರುವ ಒಬ್ಬರನ್ನು ಕಚ್ಚಿತು ಎನ್ನಿ. ವೈರಾಣು ಅದರೊಳಗೆ ಬೆಳೆದು ಇನ್ನೊಬ್ಬರಿಗೆ ದಾಟಿಸುವ ಹೊತ್ತಿಗೆ ಮೇ 22. ಕಚ್ಚಿಸಿಕೊಂಡವರಿಗೆ ಜ್ವರ ಕಾಣಿಸುವುದು ಮತ್ತೆ 4ರಿಂದ 10 ದಿನಗಳ ನಂತರ. ಅಲ್ಲಿಗೆ ಮೇ ಕೊನೆ ಅಥವಾ ಜೂನ್ ಮೊದಲ ದಿನಗಳು, ಅಂದರೆ ರೋಹಿಣಿ ಮಳೆಯ ಕಾಲ. ಇದು ಮೊದಲ ಸುತ್ತು ಮಾತ್ರ. ಒಬ್ಬ ರೋಗಿಯಿಂದ ಮುಂದಿನ ರೋಗಿಗೆ ಸುಮಾರು ಮೂರು ವಾರ ಹಿಡಿಯುವುದರಿಂದ, ಜನರ ಕಣ್ಣಿಗೆ ಬೀಳುವಷ್ಟು ಪ್ರಕರಣಗಳಾಗುವುದು ಜೂನ್ ಕೊನೆಯಲ್ಲಿ, ಆರಿದ್ರೆ ಮಳೆಯ ವೇಳೆಗೆ.

ಆದ್ದರಿಂದ ಮಳೆ ಬಿದ್ದ ದಿನಾಂಕದ ಎದುರಿಗೆ ಮೂರು ದಿನಾಂಕ ಬರೆಯಿರಿ: ಏಳನೆಯ ದಿನ (ಅಷ್ಟರೊಳಗೆ ನೀರು ಚೆಲ್ಲಬೇಕು), ಹತ್ತನೆಯ ದಿನ (ಸೊಳ್ಳೆ ಹಾರತೊಡಗುತ್ತದೆ), ಮೂವತ್ತನೆಯ ದಿನ (ಜ್ವರದ ಮೇಲೆ ನಿಗಾ ಬೇಕು). "ಮಳೆ ನಿಂತು ಇಪ್ಪತ್ತು ದಿನವಾಯಿತು" ಎನ್ನುವವರು ಅಪಾಯ ಕಳೆದವರಲ್ಲ, ಅಪಾಯದ ಹೊಸ್ತಿಲಿಗೆ ಬಂದವರು. ಸೆಪ್ಟೆಂಬರ್, ಅಕ್ಟೋಬರ್ ಮಳೆಯ ಫಲ ನವೆಂಬರ್‌ನಲ್ಲಿಯೂ ಕಾಣುವುದು ಇದೇ ಕಾರಣಕ್ಕೆ.

ಚರಂಡಿಯ ಕ್ಯೂಲೆಕ್ಸ್‌ಗೆ ಈ ಎಣಿಕೆ ಹೊಂದುವುದಿಲ್ಲ. ಮಳೆ ನಿಂತು ಚರಂಡಿಯ ಹರಿವು ಕಡಿಮೆಯಾದ ಮೇಲೆ, ಚಳಿ ಬಿಟ್ಟು ಬಿಸಿಲೇರುವ ಫೆಬ್ರುವರಿ, ಮಾರ್ಚ್‌ನಲ್ಲಿ ಅದು ಹೆಚ್ಚುತ್ತದೆ.

ಹಂತ 6: ಗದ್ದೆ ಬಯಲಿನವರು ನಾಲೆಯ ನೀರನ್ನೂ ಮಳೆಯೆಂದೇ ಎಣಿಸಬೇಕು

ಮಂಡ್ಯ, ಶ್ರೀರಂಗಪಟ್ಟಣ, ಮದ್ದೂರು, ಪಾಂಡವಪುರ, ತಿರುಮಕೂಡಲು ನರಸೀಪುರದ ನೀರಾವರಿ ಊರುಗಳಲ್ಲಿ ಸೊಳ್ಳೆಯ ಪಂಚಾಂಗವನ್ನು ಬರೆಯುವುದು ಮೋಡವಲ್ಲ, ತೂಬು. ಇದು ಇಂದು ನಿನ್ನೆಯ ಮಾತಲ್ಲ. ಶ್ರೀರಂಗಪಟ್ಟಣದ ಜ್ವರದ ಹವೆಗೆ ಬೇಸತ್ತು 1809ರಲ್ಲಿ ಬ್ರಿಟಿಷರು ತಮ್ಮ ದಂಡನ್ನು ಅಲ್ಲಿಂದ ಬೆಂಗಳೂರಿಗೆ ಸಾಗಿಸಿದರು. ಕನ್ನಂಬಾಡಿ ಕಟ್ಟೆಯಾಗಿ, ಆಗ ಇರ್ವಿನ್ ನಾಲೆಯೆಂದು ಕರೆಯುತ್ತಿದ್ದ ವಿಶ್ವೇಶ್ವರಯ್ಯ ನಾಲೆಯ ನೀರು ಹರಿದಾಗ ಭತ್ತ, ಕಬ್ಬಿನ ಜೊತೆಗೆ ಮಲೇರಿಯಾದ ಕಾಟವೂ ಬಂದಿತ್ತು. ನಾಲೆಯನ್ನು ದೂರುವ ಕಾರಣವಿಲ್ಲ, ಅದು ಈ ಜಿಲ್ಲೆಯ ಅನ್ನ. ನೀರು ಬಿಡುವ, ನಿಲ್ಲಿಸುವ ದಿನಾಂಕಗಳನ್ನು ತಿಳಿದು ನಡೆಯಬೇಕು, ಅಷ್ಟೆ.

ನೀರು ಬಿಟ್ಟ ದಿನವನ್ನು ಬರೆದುಕೊಳ್ಳಿ. ಒಟ್ಲು ಪಾತಿಗೆ (ಭತ್ತದ ಸಸಿ ಬೆಳೆಸುವ ಮಡಿಗೆ), ಆಮೇಲೆ ಕೆಸರು ಮಾಡಿದ ಗದ್ದೆಗೆ ನೀರು ನಿಂತ ಕೂಡಲೇ ಮೊಟ್ಟೆಯಿಡುವುದು ಶುರುವಾಗುತ್ತದೆ. ಪೈರು ಗಿಡ್ಡಗಿದ್ದು, ನೀರಿನ ಮೇಲೆ ಬಿಸಿಲು ಬೀಳುವ ನಾಟಿಯ ನಂತರದ ಮೊದಲ ವಾರಗಳು ಅನಾಫಿಲಿಸ್‌ಗೂ ಗದ್ದೆಯ ಕ್ಯೂಲೆಕ್ಸ್‌ಗೂ ಬಹಳ ಅನುಕೂಲದವು. ಪೈರು ಬೆಳೆದು ನೆರಳು ದಟ್ಟವಾಗಿ, ಮೀನು, ನೀರುಹುಳುಗಳು ಸೇರಿಕೊಂಡ ಮೇಲೆ ಲಾರ್ವಾ ಇಳಿಯುತ್ತದೆ. ಯೂರಿಯಾವನ್ನು ಮಿತಿಮೀರಿ ಎರಚಿದರೆ ಲಾರ್ವಾ ಹೆಚ್ಚುತ್ತದೆ ಎಂಬುದು ಬಹಳ ರೈತರಿಗೆ ಗೊತ್ತಿಲ್ಲದ ಸಂಗತಿ. ಕೃಷಿ ಇಲಾಖೆ ಹೇಳುವ ಪ್ರಮಾಣವನ್ನು ಕಂತುಗಳಲ್ಲಿ ಕೊಡುವುದರಿಂದ ಬೆಳೆಗೂ ಒಳ್ಳೆಯದು.

ನಾಟಿಯ ಬೇರು ಹಿಡಿದ ಮೇಲೆ ವಾರಕ್ಕೊಮ್ಮೆ ಗದ್ದೆಯ ನಿಂತ ನೀರನ್ನು ಪೂರ್ತಿ ಬಸಿದು ಒಂದೆರಡು ದಿನ ನೆಲ ಕಾಣುವಂತೆ ಬಿಟ್ಟರೆ ಲಾರ್ವಾ ಉಳಿಯುವುದಿಲ್ಲ. ಈ ಭಾಗದ ಕಟ್ಟು ಪದ್ಧತಿ, ಅಂದರೆ ಸರದಿಯಂತೆ ಕೆಲವು ದಿನ ನಾಲೆಗೆ ನೀರು ಹರಿಸಿ ಕೆಲವು ದಿನ ನಿಲ್ಲಿಸುವುದು, ಇದಕ್ಕೆ ತಾನಾಗಿಯೇ ಹೊಂದಿಕೊಳ್ಳುತ್ತದೆ. ಆದರೆ ಹೊಡೆ ಕಟ್ಟುವ, ಹೂವಾಡುವ ಹಂತದಲ್ಲಿ ನೆಲ ಒಣಗಿಸಬಾರದು, ಇಳುವರಿ ಹೋಗುತ್ತದೆ.

ಎಚ್ಚರಿಕೆ: ಕಟ್ಟು ಮುಗಿದು ನಾಲೆ ನಿಂತ ಮೇಲಿನ ವಾರವನ್ನು ಎಲ್ಲರೂ ಮರೆಯುತ್ತಾರೆ. ಹರಿಯುವ ನಾಲೆಯಲ್ಲಿ ಸೊಳ್ಳೆ ಬೆಳೆಯುವುದಿಲ್ಲ. ಹರಿವು ನಿಂತು, ಸೀಳುನಾಲೆಯ ತಳದಲ್ಲಿ, ಹೂಳು ತುಂಬಿದ ಬಸಿಗಾಲುವೆಯಲ್ಲಿ ಉಳಿಯುವ ಮೊಣಕಾಲುದ್ದದ ಗುಂಡಿಗಳಲ್ಲಿ ಬೆಳೆಯುತ್ತದೆ. ನೀರು ನಿಲ್ಲಿಸಿದ ಐದಾರು ದಿನಗಳಲ್ಲಿ ಊರಿನವರು ಗುದ್ದಲಿ ಹಿಡಿದು ಆ ಗುಂಡಿಗಳನ್ನು ಒಂದಕ್ಕೊಂದು ಕಡಿದು ಹರಿಸಿದರೆ, ಮುಂದಿನ ತಿಂಗಳ ಹೊಗೆಯಂತ್ರಕ್ಕಿಂತ ಹೆಚ್ಚು ಪ್ರಯೋಜನವಾಗುತ್ತದೆ.

ಗದ್ದೆಯ ಕ್ಯೂಲೆಕ್ಸ್ ಒಂದೆರಡು ಕಿಲೋಮೀಟರ್ ಹಾರಬಲ್ಲದು; ಒಂದು ಮನೆಯವರು ಎಚ್ಚರವಹಿಸಿದರೆ ಸಾಲದು. ಸಂಜೆ ಕೊಟ್ಟಿಗೆಯ ಪಕ್ಕದ ಜಗುಲಿಯಲ್ಲಿ ಮಕ್ಕಳನ್ನು ಮಲಗಿಸಬೇಡಿ, ಹಂದಿಗಳನ್ನು ವಸತಿಯಿಂದ ದೂರವಿಡಿ. ಮಿದುಳು ಜ್ವರ ಕಾಣುವ ಜಿಲ್ಲೆಗಳಲ್ಲಿ ಮಕ್ಕಳಿಗೆ 9 ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು ಲಸಿಕೆಯನ್ನು ಸರ್ಕಾರವೇ ಕೊಡುತ್ತದೆ. ತಾಯಿ ಕಾರ್ಡ್ ತೆಗೆದು, ಎರಡನೆಯದು ಆಗಿದೆಯೇ ಎಂದು ಇಂದೇ ನೋಡಿ.

ಹಂತ 7: ವಾರಕ್ಕೊಂದು ದಿನ ಮನೆ ಸುತ್ತಿ

ಏಳು ದಿನಕ್ಕೊಮ್ಮೆ ಎಂಬ ನಿಯಮ ಹುಟ್ಟಿದ್ದು ಐದನೆಯ ಹಂತದ ಲೆಕ್ಕದಿಂದ: ಬೆಚ್ಚಗಿನ ಹವೆಯಲ್ಲಿಯೂ ಮೊಟ್ಟೆ ಸೊಳ್ಳೆಯಾಗಲು ವಾರಕ್ಕಿಂತ ಕಡಿಮೆ ಹಿಡಿಯುವುದು ಅಪರೂಪ. ಒಂದು ವಾರ ತಪ್ಪಿಸಿದರೆ ಒಂದು ಸಂತತಿ ಹಾರಿಹೋಗುತ್ತದೆ. ಸಂಪಿನ ಮುಚ್ಚಳದ ಸಂದು, ಚಾವಣಿ ಟ್ಯಾಂಕಿನ ಹೆಚ್ಚುವರಿ ನೀರಿನ ಕೊಳವೆಯ ಬಾಯಿ, ಫ್ರಿಜ್ಜಿನ ಹಿಂದಿನ ತಟ್ಟೆ, ಕೋಳಿ, ನಾಯಿಗೆ ನೀರಿಡುವ ಬಟ್ಟಲು, ಕಟ್ಟುತ್ತಿರುವ ಮನೆಯ ಕ್ಯೂರಿಂಗ್ ನೀರು, ಆಲೆಮನೆಯ ಡ್ರಮ್ಮುಗಳು ಇವನ್ನು ಬಿಡದೆ ನೋಡಿ. ಮದ್ದೂರಿನ ಸುತ್ತ ಎಳನೀರು ವ್ಯಾಪಾರ ಮಾಡುವವರು ಬುರುಡೆಗಳನ್ನು ಎರಡಾಗಿ ಸೀಳಿ ಬೋರಲು ಹಾಕಿದರೆ ಅಷ್ಟೇ ಸಾಕು.

ಟಾರ್ಚು ಹಾಕಿದ ಕೂಡಲೇ ಈಡಿಸ್ ಲಾರ್ವಾ ತಳಕ್ಕೆ ಇಳಿದುಬಿಡುತ್ತದೆ. ಏನೂ ಇಲ್ಲವೆಂದು ಮುಚ್ಚಳ ಹಾಕಬೇಡಿ. ಒಂದೆರಡು ನಿಮಿಷ ಕಾದರೆ ಉಸಿರಾಡಲು ಮೇಲೆ ಬರುತ್ತದೆ.

ಇಡೀ ಬೀದಿಯವರು ಸೇರಿ ನೋಡುವುದಾದರೆ ಎರಡು ಅಂಕಿಗಳನ್ನು ಬರೆದಿಡಿ. ನೋಡಿದ ಮನೆಗಳಲ್ಲಿ ಶೇಕಡಾ ಎಷ್ಟರಲ್ಲಿ ಲಾರ್ವಾ ಸಿಕ್ಕಿತು ಎಂಬುದು ಮನೆ ಸೂಚ್ಯಂಕ. 100 ಮನೆಗಳಿಗೆ ಲಾರ್ವಾ ಇದ್ದ ಪಾತ್ರೆಗಳು ಎಷ್ಟು ಎಂಬುದು ಬ್ರೆಟೊ ಸೂಚ್ಯಂಕ. 40 ಮನೆ ನೋಡಿ, ಆರರಲ್ಲಿ ಒಟ್ಟು ಹತ್ತು ಪಾತ್ರೆಗಳಲ್ಲಿ ಲಾರ್ವಾ ಸಿಕ್ಕರೆ ಮನೆ ಸೂಚ್ಯಂಕ 15, ಬ್ರೆಟೊ ಸೂಚ್ಯಂಕ 25. ಈ ಅಂಕಿಗಳನ್ನು ಮಳೆಯ ದಿನಾಂಕಗಳ ಪಕ್ಕದಲ್ಲಿ ಎರಡು ವರ್ಷ ಬರೆದರೆ, ನಿಮ್ಮ ಬೀದಿಯಲ್ಲಿ ಯಾವ ಮಳೆ ನಿಜಕ್ಕೂ ಅಪಾಯದ್ದು ಎಂಬುದು ಯಾರ ಸಲಹೆಯೂ ಇಲ್ಲದೆ ಗೊತ್ತಾಗುತ್ತದೆ. ಆಶಾ ಕಾರ್ಯಕರ್ತೆಯರು ಸಮೀಕ್ಷೆಗೆ ಬಂದಾಗ ನೋಟ್‌ಬುಕ್ಕನ್ನು ಅವರಿಗೂ ತೋರಿಸಿ.

ಹಂತ 8: ಹವೆಗೆ ತಕ್ಕ ಕ್ರಮ ಕೈಗೊಳ್ಳಿ, ಈ ತಪ್ಪುಗಳನ್ನು ಮಾಡಬೇಡಿ

ಚೆಲ್ಲಬಹುದಾದ ನೀರನ್ನು ಚೆಲ್ಲಿ, ಒಳಗೋಡೆಯನ್ನು ನಾರಿನಿಂದ ಉಜ್ಜಿ. ಬರೀ ಚೆಲ್ಲಿ ಮತ್ತೆ ತುಂಬಿದರೆ ಮೊಟ್ಟೆಗಳಿಗೆ ನೀವೇ ನೀರೆರೆದಂತೆ. ಚೆಲ್ಲಲಾಗದ ದೊಡ್ಡ ತೊಟ್ಟಿ, ಬಳಸದ ಬಾವಿಗಳಿಗೆ ಲಾರ್ವಾ ತಿನ್ನುವ ಗಪ್ಪಿ ಮೀನನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ಬಿಡಬಹುದು. ಗಪ್ಪಿಯನ್ನಾಗಲಿ, ಲಾರ್ವಾ ತಿನ್ನುವ ಇನ್ನೊಂದು ಮೀನಾದ ಗಂಬೂಸಿಯಾವನ್ನಾಗಲಿ ಕೆರೆ, ಹೊಳೆಗೆ ಬಿಡಬಾರದು. ಅವು ಇಲ್ಲಿನ ಸಣ್ಣ ಮೀನುಗಳನ್ನು, ಅವುಗಳ ಮೊಟ್ಟೆ ಮರಿಗಳನ್ನು ಹಾಳುಮಾಡುತ್ತವೆ. ಕುಡಿಯುವ, ಬಳಸುವ ನೀರಿಗೆ ಸೀಮೆಎಣ್ಣೆಯನ್ನೋ ಗಾಡಿಯ ಹಳೆ ಆಯಿಲನ್ನೋ ಹಾಕಬೇಡಿ.

ಹೊಗೆ ಹೊಡೆಸಿ ಎಂದು ಒತ್ತಾಯಿಸುವುದು ನಮ್ಮಲ್ಲಿ ರೂಢಿಯಾಗಿದೆ. ಹೊಗೆಯಂತ್ರ ಆ ಗಳಿಗೆಯಲ್ಲಿ ಹಾರುತ್ತಿರುವ ಸೊಳ್ಳೆಯನ್ನು ಮಾತ್ರ ಕೊಲ್ಲುತ್ತದೆ; ನೀರಿನಲ್ಲಿರುವ ಮರಿಗೆ ಏನೂ ಆಗುವುದಿಲ್ಲ, ಮೂರು ದಿನಕ್ಕೆ ಹೊಸ ಸೊಳ್ಳೆ ಹಾಜರಿರುತ್ತದೆ. ನೆತ್ತಿಯ ಬಿಸಿಲಿನಲ್ಲಿ ಹೊಗೆ ಮೇಲಕ್ಕೆ ಹೋಗುತ್ತದೆ, ಗಾಳಿಯಿದ್ದರೆ ಪಕ್ಕಕ್ಕೆ ಹೋಗುತ್ತದೆ. ಗಾಳಿ ತಣ್ಣಗೆ ನಿಂತಿರುವ ಮುಂಜಾನೆ ಅಥವಾ ಮುಸ್ಸಂಜೆ ಮಾತ್ರ ಅದು ನೆಲದ ಬಳಿ ಉಳಿಯುತ್ತದೆ. ಮಂಚದ ಕೆಳಗಿನ ಈಡಿಸ್‌ಗೆ ತಾಕಬೇಕಾದರೆ ಕಿಟಕಿ ಬಾಗಿಲು ತೆರೆದಿರಬೇಕು, ಆದರೆ ಹೊಗೆ ಬಂತೆಂದು ಎಲ್ಲರೂ ಮುಚ್ಚುತ್ತಾರೆ. ರೋಗ ಕಂಡ ಬೀದಿಯಲ್ಲಿ, ಆರೋಗ್ಯ ಇಲಾಖೆ ನಿರ್ಧರಿಸಿದಾಗ ಮಾಡುವ ಕೆಲಸ ಅದು.

ರೇಷ್ಮೆ ಸಾಕುವವರಿಗೆ ಒತ್ತಿ ಹೇಳಬೇಕಾದ ಮಾತೊಂದಿದೆ. ಸೊಳ್ಳೆಗೆ ಹೊಡೆಯುವ ಕೀಟನಾಶಕದ ಹೊಗೆ, ಮನೆಯಲ್ಲಿ ಹಚ್ಚುವ ಕಾಯಿಲ್, ದ್ರವದ ಯಂತ್ರ ಎಲ್ಲವೂ ರೇಷ್ಮೆಹುಳುವಿಗೆ ವಿಷ. ಮಳವಳ್ಳಿ, ಮದ್ದೂರು, ನರಸೀಪುರದ ಕಡೆ ಹುಳುಮನೆಯೂ ವಾಸದ ಮನೆಯೂ ಒಂದೇ ಸೂರಿನಡಿ ಇರುವುದು ಸಾಮಾನ್ಯ. ಹುಳು ಮೇಯುವ ದಿನಗಳಲ್ಲಿ ಔಷಧಿಯಿಲ್ಲದ ಮಾಮೂಲಿ ಸೊಳ್ಳೆಪರದೆ ಮತ್ತು ಕಿಟಕಿಯ ಜಾಲರಿ ಮಾತ್ರ ಬಳಸಿ. ಹೊಗೆ ಹೊಡೆಯುವ ದಿನವನ್ನು ಪಂಚಾಯಿತಿಯಿಂದ ಮೊದಲೇ ತಿಳಿದು, ಹಿಪ್ಪುನೇರಳೆ ತೋಟವನ್ನೂ ತಪ್ಪಿಸುವಂತೆ ಕೇಳಿಕೊಳ್ಳಿ.

ಮೂವತ್ತನೆಯ ದಿನದ ಆಸುಪಾಸಿನಲ್ಲಿ ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಪರೀಕ್ಷೆ ಮಾಡಿಸಿ, ಮತ್ತು ಮಳೆಯ ದಿನಾಂಕವನ್ನು ವೈದ್ಯರಿಗೆ ಹೇಳಿ. ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳನ್ನು ಮುಟ್ಟಬೇಡಿ. ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಜ್ವರದ ಮೊದಲ ಐದು ದಿನ ರೋಗಿಯನ್ನು ಹಗಲಿನಲ್ಲಿಯೂ ಪರದೆಯೊಳಗೆ ಮಲಗಿಸಿ, ಏಕೆಂದರೆ ಆ ದಿನಗಳಲ್ಲಿ ಅವರನ್ನು ಕಚ್ಚಿದ ಸೊಳ್ಳೆಯೇ ಬೀದಿಯ ಮುಂದಿನ ಸುತ್ತನ್ನು ಆರಂಭಿಸುತ್ತದೆ.

ಸ್ವಾತಿ ಮಳೆ ಮುಗಿದು ನವೆಂಬರ್ ಕಳೆದ ಮೇಲೆ ಹೆಚ್ಚುವರಿ ಡ್ರಮ್ಮುಗಳನ್ನು ಅಟ್ಟಕ್ಕೋ ಹಿತ್ತಿಲಿಗೋ ಹಾಕುವಾಗ ಒಳಗೋಡೆಯನ್ನು ನಾರಿನಿಂದ ಉಜ್ಜಿ, ಕುದಿಯುವ ನೀರು ಎರಚಿ, ಬಿಸಿಲಿನಲ್ಲಿ ಒಣಗಿಸಿ, ಬೋರಲು ಹಾಕಿ ಇಡಿ. ನೋಟ್‌ಬುಕ್ಕಿನಲ್ಲಿ ಆ ದಿನಾಂಕವನ್ನೂ ಬರೆಯಿರಿ. ಮುಂದಿನ ವರ್ಷ ಭರಣಿ ಮಳೆಗೆ ಮುಂಚೆ, ಏಪ್ರಿಲ್ ಮೂರನೆಯ ವಾರದಲ್ಲಿ, ಅದೇ ಡ್ರಮ್ಮುಗಳಿಗೆ ಮತ್ತೊಮ್ಮೆ ಟಾರ್ಚು ಹಿಡಿದು ನೋಡಿ.